ಗೇಮ್ ಶುರುವಾದ ಐದೇ ನಿಮಿಷಕ್ಕೆ 8 ಜಿಬಿ ರ‍್ಯಾಮ್ ಭರ್ತಿ ಆಗುವುದೇಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ರೈಜನ್ 5 5600ಎಚ್ ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದೆ. ವಿಂಡೋಸ್ 11. ಸೈಬರ್‌ಪಂಕ್ 2077 ಆಡಲು ಕೂತರೆ ಐದು ನಿಮಿಷದೊಳಗೆ ರ‍್ಯಾಮ್ ಬಳಕೆ ಶೇ. 92 ದಾಟುತ್ತದೆ. ಅರ್ಧ ಗಂಟೆಗೆ ಆಟ ತಡವರಿಸಲು ಶುರುವಾಗುತ್ತದೆ, ಕೆಲವು ಸಲ ಮೆಮೊರಿ ಸಾಲದು ಎಂಬ ಸಂದೇಶ ಬಂದು ಗೇಮ್ ತಾನೇ ಮುಚ್ಚಿಕೊಳ್ಳುತ್ತದೆ. ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಗೇಮ್ ಮುಚ್ಚಿದ ಮೇಲೂ ಬಳಕೆ ಶೇ. 60ರಲ್ಲೇ ನಿಂತಿರುತ್ತದೆ. ರ‍್ಯಾಮ್ ಕ್ಲೀನರ್ ಹಾಕು, ಪೇಜ್ ಫೈಲ್ ಆಫ್ ಮಾಡು ಎನ್ನುತ್ತಾರೆ ಗೆಳೆಯರು. ಮಾಡಲೇ? ಇಲ್ಲ, ಹೊಸ ರ‍್ಯಾಮ್ ಕೊಳ್ಳುವುದೇ ಸರಿಯೇ?

ಉತ್ತರ: ಗೆಳೆಯರು ಹೇಳಿದ ಎರಡನ್ನೂ ಮಾಡಬೇಡಿ. ಪೇಜ್ ಫೈಲ್ (ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸಿಕೊಳ್ಳುವ ಜಾಗ) ಆಫ್ ಮಾಡಿದರೆ ಗೇಮ್ ಈಗಿನದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತದೆ. ರ‍್ಯಾಮ್ ಕ್ಲೀನರ್ ಹಾಕಿದರೆ ತಡವರಿಕೆ ಹೆಚ್ಚುತ್ತದೆ. ರ‍್ಯಾಮ್ ಕೊಳ್ಳುವುದು ನಿಮ್ಮ ವಿಷಯದಲ್ಲಿ ಸರಿಯಾದ ಖರ್ಚೇ, ಆದರೆ ಅದಕ್ಕೆ ಮೊದಲು ಕಾಸಿಲ್ಲದೆ ಮಾಡಬಹುದಾದ ಒಂದು ಕೆಲಸ ಉಳಿದಿದೆ: ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಕ್ವಾಲಿಟಿ ಇಳಿಸುವುದು. ಅದನ್ನು ಮಾಡದೆ ರ‍್ಯಾಮ್ ಹಾಕಿಸಿದರೆ ಅರ್ಧ ಸಮಸ್ಯೆ ಹಾಗೇ ಉಳಿಯುತ್ತದೆ.

ಶೇ. 92 ಎಂಬ ಅಂಕಿ ನೋಡಿ ಗಾಬರಿಯಾಗುವುದು ಬೇಡ. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಗೇಮಿಗೆ ಯಾವ ಉಪಯೋಗವೂ ಇಲ್ಲ. ಸಿಕ್ಕಷ್ಟನ್ನೂ ತುಂಬಿಕೊಳ್ಳುವಂತೆಯೇ ಈಗಿನ ದೊಡ್ಡ ಗೇಮ್‌ಗಳನ್ನು ಬರೆದಿರುತ್ತಾರೆ. ಕೇಳಬೇಕಾದ್ದು ಎಷ್ಟು ತುಂಬಿದೆ ಎಂದಲ್ಲ, ಯಾವುದು ತುಂಬಿದೆ ಎಂದು. ನಿಮ್ಮ ಯಂತ್ರದಲ್ಲಿ ಗೇಮ್ ಮೂರು ಲೆಕ್ಕಗಳಲ್ಲಿ ಜಾಗ ಹಿಡಿಯುತ್ತದೆ: ಗ್ರಾಫಿಕ್ಸ್ ಚಿಪ್ಪಿನದ್ದೇ ಆದ 4 ಜಿಬಿ ವಿ-ರ‍್ಯಾಮ್, ಮದರ್‌ಬೋರ್ಡಿನ ಮೇಲಿನ 8 ಜಿಬಿ ರ‍್ಯಾಮ್, ಮತ್ತು ಪ್ರೋಗ್ರಾಂಗಳಿಗೆ ಕೊಡುವ ಮೆಮೊರಿಗೆ ವಿಂಡೋಸ್ 'ಕಮಿಟ್' ಎಂಬ ಹೆಸರಲ್ಲಿ ಇಟ್ಟಿರುವ ಒಟ್ಟು ಮಿತಿ. ವಿ-ರ‍್ಯಾಮ್ ತುಂಬಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) ಕುಸಿಯುತ್ತದೆ. ರ‍್ಯಾಮ್ ತುಂಬಿದರೆ ಆಟ ತಡೆತಡೆದು ಓಡುತ್ತದೆ. ಕಮಿಟ್ ಮಿತಿ ಮುಟ್ಟಿದರೆ ಗೇಮ್ ಮುಚ್ಚಿಕೊಳ್ಳುತ್ತದೆ. ನಿಮ್ಮಲ್ಲಿ ಮೊದಲು ತುಂಬುತ್ತಿರುವುದು ಬಹುಮಟ್ಟಿಗೆ ವಿ-ರ‍್ಯಾಮ್. ಅದು ಉಕ್ಕಿ ರ‍್ಯಾಮ್‌ಗೆ ಹರಿಯುತ್ತಿದೆ, ಮೊದಲೇ ಸಾಲದಿದ್ದ ರ‍್ಯಾಮ್ ಅದರಿಂದ ಇನ್ನಷ್ಟು ಇಕ್ಕಟ್ಟಾಗುತ್ತಿದೆ.

ಒಂದು ಗೋಡೆಗೆ ಎಷ್ಟು ಮೆಮೊರಿ?

ಗೇಮಿನೊಳಗೆ ಒಂದು ಇಟ್ಟಿಗೆ ಗೋಡೆ ಇದೆ ಎಂದುಕೊಳ್ಳಿ. ಅದರ ಮೇಲೆ ಅಂಟಿಸಿರುವ ಚಿತ್ರಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೂ ಮಸುಕಾಗಬಾರದು ಎಂದರೆ 4096 × 4096 ಪಿಕ್ಸೆಲ್ ಇರಬೇಕು. ಅಂದರೆ 1,67,77,216 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ 64 ಎಂಬಿ. ಗೋಡೆ ದೂರ ಹೋದಾಗ ಬಳಸಲು ಇದೇ ಚಿತ್ರದ ಅರ್ಧ, ಕಾಲು, ಅರೆಗಾಲು ಅಳತೆಯ ಪ್ರತಿಗಳೂ ಬೇಕು. ಇವಕ್ಕೆ ಮಿಪ್ ಎಂದು ಹೆಸರು. ಎಲ್ಲ ಮಿಪ್ ಸೇರಿದರೆ ಮೂಲಕ್ಕಿಂತ ಮೂರನೇ ಒಂದು ಪಾಲು ಹೆಚ್ಚು, ಅಲ್ಲಿಗೆ 85 ಎಂಬಿ.

ಇದನ್ನು ಹೀಗೇ ಇಟ್ಟರೆ ಯಾವ ಕಾರ್ಡೂ ತಾಳುವುದಿಲ್ಲ. ಅದಕ್ಕೇ ಬಿಸಿ7 ಎಂಬ ಪದ್ಧತಿಯಲ್ಲಿ 4 × 4 ಪಿಕ್ಸೆಲ್‌ಗಳ ಒಂದೊಂದು ತುಣುಕನ್ನು 16 ಬೈಟ್‌ಗೆ ಕುಗ್ಗಿಸಿ ಇಡುತ್ತಾರೆ. ಗ್ರಾಫಿಕ್ಸ್ ಚಿಪ್ ಅದನ್ನು ಕುಗ್ಗಿದ ರೂಪದಲ್ಲೇ ಓದಬಲ್ಲದು. ಹೀಗೆ 85 ಎಂಬಿ ಇದ್ದದ್ದು 21 ಎಂಬಿಗೆ ಇಳಿಯುತ್ತದೆ. ಆದರೆ ಗೋಡೆಗೆ ಬಣ್ಣ ಒಂದೇ ಸಾಲದು. ಇಟ್ಟಿಗೆಯ ಉಬ್ಬುತಗ್ಗಿಗೆ ಒಂದು ಟೆಕ್ಸ್ಚರ್, ಬೆಳಕು ಬಿದ್ದಾಗ ಎಷ್ಟು ಹೊಳೆಯಬೇಕು ಎಂಬುದಕ್ಕೆ ಇನ್ನೊಂದು. ಮೂರನ್ನೂ ಒಂದೇ ಅಳತೆಯಲ್ಲಿ ಇಟ್ಟರೆ ಒಂದು ಗೋಡೆಗೆ 64 ಎಂಬಿ ಆಯಿತು. ಇಂಥ 60 ಮೇಲ್ಮೈಗಳು ಏಕಕಾಲಕ್ಕೆ ಪೂರ್ಣ ಅಳತೆಯಲ್ಲಿ ಬಂದರೆ 3.8 ಜಿಬಿ, ಅಂದರೆ ನಿಮ್ಮ ಕಾರ್ಡಿನ ವಿ-ರ‍್ಯಾಮ್ ಅಲ್ಲಿಗೇ ಮುಗಿಯಿತು. ಸೈಬರ್‌ಪಂಕ್‌ನ ನೈಟ್ ಸಿಟಿಯ ಒಂದು ಅಡ್ಡರಸ್ತೆಯಲ್ಲಿ ನಿಂತರೆ ಗೋಡೆ, ರಸ್ತೆ, ಕಾರು, ಬಟ್ಟೆ, ಚರ್ಮ, ಬೋರ್ಡು ಎಲ್ಲ ಸೇರಿ ಅರವತ್ತಕ್ಕಿಂತ ಎಷ್ಟೋ ಹೆಚ್ಚು ಬಗೆ ಕಣ್ಣೆದುರಿಗೆ ಇರುತ್ತವೆ. ಎಲ್ಲವನ್ನೂ ಪೂರ್ಣ ಅಳತೆಯಲ್ಲಿ ತರದೆ, ಹತ್ತಿರದ್ದಕ್ಕೆ ದೊಡ್ಡ ಮಿಪ್, ದೂರದ್ದಕ್ಕೆ ಚಿಕ್ಕ ಮಿಪ್ ತಂದು ಎಂಜಿನ್ (ಗೇಮನ್ನು ನಡೆಸುವ ಮೂಲ ಪ್ರೋಗ್ರಾಂ) ಹೇಗೋ ನಿಭಾಯಿಸುತ್ತದೆ.

ಇಲ್ಲಿಯೇ ಗಮನಿಸಬೇಕಾದ ಒಂದು ಲೆಕ್ಕವಿದೆ. ಟೆಕ್ಸ್ಚರ್ ಅಳತೆಯನ್ನು ಒಂದು ಮೆಟ್ಟಿಲು ಇಳಿಸಿ 2048 × 2048 ಮಾಡಿದರೆ 21 ಎಂಬಿ ಇದ್ದದ್ದು 5 ಎಂಬಿ ಚಿಲ್ಲರೆಗೆ ಬರುತ್ತದೆ. ಅರ್ಧವಲ್ಲ, ಕಾಲು ಭಾಗ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಕ್ವಾಲಿಟಿಯನ್ನು ಹೈನಿಂದ ಮೀಡಿಯಂಗೆ ಇಳಿಸಿದಾಗ ಸಾಮಾನ್ಯವಾಗಿ ಆಗುವುದು ಇಂಥದ್ದೇ: ದೊಡ್ಡ ಮಿಪ್‌ಗಳನ್ನು ಎಂಜಿನ್ ತರುವುದೇ ಇಲ್ಲ.

ಇದಕ್ಕೆ ಹೋಲಿಸಿದರೆ ರೆಸಲ್ಯೂಶನ್ ಇಳಿಸಿ ಉಳಿಯುವುದು ತೀರಾ ಅಲ್ಪ. 1080ಪಿ ಪರದೆಯ ಒಂದು ಚಿತ್ರಕ್ಕೆ 1920 × 1080 × 4 ಬೈಟ್, ಅಂದರೆ ಹತ್ತಿರಹತ್ತಿರ 8 ಎಂಬಿ. 720ಪಿಗೆ 3.5 ಎಂಬಿ. ಆಳ, ಬೆಳಕು, ಚಲನೆ ಎಂದು ಎಂಜಿನ್ ಇಂಥ ಇಪ್ಪತ್ತು ಪದರ ಇಟ್ಟುಕೊಂಡರೂ ಉಳಿತಾಯ ನೂರು ಎಂಬಿಯೊಳಗೆ. ರೆಸಲ್ಯೂಶನ್ ಇಳಿಸುವುದರಿಂದ ಗ್ರಾಫಿಕ್ಸ್ ಚಿಪ್ಪಿನ ಲೆಕ್ಕಾಚಾರದ ಹೊರೆ ಕಡಿಮೆಯಾಗುತ್ತದೆ, ಮೆಮೊರಿಯ ಹೊರೆ ಅಷ್ಟಾಗಿ ಕಡಿಮೆಯಾಗುವುದಿಲ್ಲ. ನಿಮ್ಮ 720ಪಿ ಪ್ರಯತ್ನ ಫಲಿಸದಿದ್ದುದಕ್ಕೆ ಇದೇ ಕಾರಣ.

ವಿ-ರ‍್ಯಾಮ್ ಉಕ್ಕಿದರೆ ಏನಾಗುತ್ತದೆ

4 ಜಿಬಿ ತುಂಬಿದ ಮೇಲೆ ಗೇಮ್ ಕೂಡಲೇ ನಿಲ್ಲುವುದಿಲ್ಲ. ಹೆಚ್ಚಾದದ್ದನ್ನು ವಿಂಡೋಸ್ ನಿಮ್ಮ ಸಾಮಾನ್ಯ ರ‍್ಯಾಮ್‌ನಲ್ಲಿ ಇಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಇದನ್ನು 'ಶೇರ್ಡ್ ಜಿಪಿಯು ಮೆಮೊರಿ' ಎಂದು ತೋರಿಸುತ್ತದೆ. ಒಟ್ಟು ರ‍್ಯಾಮ್‌ನ ಅರ್ಧದವರೆಗೆ ಹೀಗೆ ಕಡ ಕೊಡುತ್ತದೆ. 4 ಜಿಬಿ ಕಾರ್ಡು 8 ಜಿಬಿ ಕಾರ್ಡಿನಂತೆ ಕೆಲಸ ಮಾಡುತ್ತದೆ ಎಂದು ಇದನ್ನು ನೋಡಿ ಎಷ್ಟೋ ಮಂದಿ ಅಂದುಕೊಳ್ಳುತ್ತಾರೆ. ವೇಗದ ಲೆಕ್ಕ ನೋಡಿದರೆ ಹಾಗಲ್ಲ ಎಂದು ಗೊತ್ತಾಗುತ್ತದೆ.

ಜಿಟಿಎಕ್ಸ್ 1650ರ ಜಿಡಿಡಿಆರ್5 ಮಾದರಿಯಲ್ಲಿ ಚಿಪ್ ತನ್ನ ವಿ-ರ‍್ಯಾಮ್‌ನಿಂದ ಸೆಕೆಂಡಿಗೆ 128 ಜಿಬಿ ಓದಬಲ್ಲದು. ಸಾಮಾನ್ಯ ರ‍್ಯಾಮ್‌ನಿಂದ ತರಬೇಕಾದರೆ ದಾರಿ ಪಿಸಿಐಇ, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ಉಳಿದ ಯಂತ್ರಕ್ಕೆ ಜೋಡಿಸುವ ಸಂಪರ್ಕ. 3.0 ಪೀಳಿಗೆಯ 16 ಲೇನ್ (ಜೊತೆಜೊತೆಗೆ ಸಾಗುವ ಹಾದಿ) ಪೂರ್ತಿ ಸಿಕ್ಕರೂ ಅಲ್ಲಿ ಸೆಕೆಂಡಿಗೆ 16 ಜಿಬಿ ಮೀರುವುದಿಲ್ಲ. 60 ಎಫ್‌ಪಿಎಸ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ವಿ-ರ‍್ಯಾಮ್‌ನಿಂದ 2 ಜಿಬಿ ಓದಬಹುದು, ರ‍್ಯಾಮ್‌ನಿಂದ 260 ಎಂಬಿ ಅಷ್ಟೇ. ಫ್ರೇಮ್ ಬಿಡಿಸಲು ಬೇಕಾದ ಟೆಕ್ಸ್ಚರ್‌ಗಳಲ್ಲಿ ಕೆಲವು ರ‍್ಯಾಮ್‌ನಲ್ಲಿ ಕೂತಿದ್ದರೆ ಆ ಫ್ರೇಮ್ ತಡವಾಗುತ್ತದೆ. ನೀವು ತಿರುಗಿ ನೋಡಿದಾಗ, ಕಾರು ತಿರುವು ತೆಗೆದುಕೊಂಡಾಗ ಬರುವ ಜೋಲಿ ಇದೇ.

ಗ್ರಾಫಿಕ್ಸ್ ಕಾರ್ಡೇ ಇಲ್ಲದ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಮಾತ್ರ ಇರುವ ಲ್ಯಾಪ್‌ಟಾಪ್‌ಗಳ ಪಾಡು ಇನ್ನೂ ಕಷ್ಟ. ಅವುಗಳಿಗೆ ವಿ-ರ‍್ಯಾಮ್ ಅನ್ನುವುದೇ ಬೇರೆ ಇಲ್ಲ, ಟೆಕ್ಸ್ಚರ್ ಎಲ್ಲ ರ‍್ಯಾಮ್‌ನಲ್ಲೇ. ಜೊತೆಗೆ 512 ಎಂಬಿಯೋ 2 ಜಿಬಿಯೋ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಮಟ್ಟದಲ್ಲೇ ಗ್ರಾಫಿಕ್ಸ್‌ಗೆ ಎತ್ತಿಟ್ಟಿರುತ್ತಾರೆ. 8 ಜಿಬಿ ಎಂದು ಕೊಂಡ ಯಂತ್ರದಲ್ಲಿ 5.9 ಜಿಬಿ ಮಾತ್ರ ಬಳಕೆಗೆ ಲಭ್ಯ ಎಂದು ಕಂಡರೆ ಕಾರಣ ಇದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಎಂಬ ಸಾಲಿನಲ್ಲಿ ಅದರ ಲೆಕ್ಕ ಇರುತ್ತದೆ. ನಿಮ್ಮ ರೈಜನ್‌ನಲ್ಲೂ ಒಳಗೊಂದು ಗ್ರಾಫಿಕ್ಸ್ ಇರುವುದರಿಂದ ಸ್ವಲ್ಪ ಭಾಗ ಹೀಗೆ ಹೋಗಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಇಷ್ಟು ಬೇಗ ತುಂಬುವುದು ಯಾಕೆ

ಹಳೆಯ ಗೇಮ್‌ಗಳಲ್ಲಿ ಒಂದು ಹಂತ ಮುಗಿದರೆ ಲೋಡಿಂಗ್ ಪರದೆ ಬರುತ್ತಿತ್ತು. ಹಿಂದಿನ ಹಂತದ್ದನ್ನೆಲ್ಲ ಮೆಮೊರಿಯಿಂದ ಅಳಿಸಿ ಮುಂದಿನದ್ದನ್ನು ತುಂಬಿಕೊಳ್ಳಲು ಅದು ಬಿಡುವು. ನಗರ ಪೂರ್ತಿ ತೆರೆದಿಟ್ಟ ಗೇಮ್‌ಗಳಲ್ಲಿ ಆ ಬಿಡುವು ಇಲ್ಲ. ನೀವು ಗಂಟೆಗೆ 150 ಕಿ.ಮೀ. ವೇಗದಲ್ಲಿ ಕಾರು ಓಡಿಸಿದರೆ ಸೆಕೆಂಡಿಗೆ 42 ಮೀಟರ್ ಮುಂದೆ ಹೋಗುತ್ತೀರಿ. ಮುಂದಿನ ಬೀದಿ ಕಣ್ಣಿಗೆ ಬೀಳುವ ಮೊದಲೇ ಅದು ಮೆಮೊರಿಯಲ್ಲಿ ಇರಬೇಕು. ಹಿಂದಿನ ಬೀದಿಯನ್ನು ಒಮ್ಮೆಲೇ ಅಳಿಸುವಂತೆಯೂ ಇಲ್ಲ, ನೀವು ಯು-ಟರ್ನ್ ಹೊಡೆಯಬಹುದು. ಹಾಗಾಗಿ ಎಂಜಿನ್ ಜಾಗ ಇರುವಷ್ಟೂ ತುಂಬಿಕೊಂಡು, ಜಾಗ ಬೇಕಾದಾಗ ಬಹಳ ಹೊತ್ತಿನಿಂದ ಮುಟ್ಟದೇ ಇದ್ದದ್ದನ್ನು ಹೊರಹಾಕುತ್ತದೆ. ಮೊದಲ ಐದು ನಿಮಿಷದಲ್ಲಿ ಗ್ರಾಫ್ ಕಡಿದಾಗಿ ಏರುವುದು ಇದರಿಂದ. 32 ಜಿಬಿ ಇರುವ ಯಂತ್ರದಲ್ಲೂ ಹೀಗೇ ಏರುತ್ತದೆ, ಆದರೆ ಎಲ್ಲೋ ಒಂದು ಕಡೆ ಸಮತಟ್ಟಾಗುತ್ತದೆ. 8 ಜಿಬಿಯಲ್ಲಿ ಆ ಮಟ್ಟ ಮುಟ್ಟುವ ಮೊದಲೇ ಜಾಗ ಮುಗಿಯುತ್ತದೆ.

ಆ ಮಟ್ಟ ವರ್ಷದಿಂದ ವರ್ಷಕ್ಕೆ ಮೇಲೇರಿದೆ, ಏರಿಸಿದ್ದು ಕನ್ಸೋಲ್‌ಗಳು. 2013ರಲ್ಲಿ ಜಿಟಿಎ 5 ಬಂದಾಗ ಅದು 512 ಎಂಬಿ ಮೆಮೊರಿಯ ಎಕ್ಸ್‌ಬಾಕ್ಸ್ 360ರಲ್ಲಿ ಓಡಬೇಕಿತ್ತು, ಓಡಿತು. ಅದೇ ವರ್ಷ ಬಂದ ಪ್ಲೇಸ್ಟೇಷನ್ 4ರಲ್ಲಿ 8 ಜಿಬಿ, 2020ರ ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ. ದೊಡ್ಡ ಸ್ಟುಡಿಯೋಗಳು ಮೆಮೊರಿಯ ಆಯವ್ಯಯ ಬರೆಯುವುದು ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು. ನಿಮ್ಮ ಗೇಮಿನಲ್ಲೇ ಇದು ಸ್ಪಷ್ಟವಾಗಿ ಕಾಣುತ್ತದೆ: 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ ಬಿಡುಗಡೆಯಾದಾಗ ಪಿಸಿಗೆ ಕನಿಷ್ಠ 8 ಜಿಬಿ ರ‍್ಯಾಮ್ ಸಾಕು ಎಂದಿತ್ತು. 2023ರಲ್ಲಿ ಪ್ಲೇಸ್ಟೇಷನ್ 4ರ ಪೀಳಿಗೆಯನ್ನು ಕೈಬಿಟ್ಟು ಹೊಸ ಆವೃತ್ತಿ ತಂದಾಗ ಕನಿಷ್ಠ 12 ಜಿಬಿ, ಶಿಫಾರಸು 16 ಜಿಬಿ ಎಂದು ಏರಿಸಿದರು. ಹಳೆಯ ವಿಡಿಯೊಗಳಲ್ಲಿ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಸಲೀಸಾಗಿ ಓಡುವುದನ್ನು ನೋಡಿದ್ದರೆ, ಅದು ಹಿಂದಿನ ಆವೃತ್ತಿ ಇರಬಹುದು.

ಕನ್ಸೋಲ್‌ಗೂ ಪಿಸಿಗೂ ಇನ್ನೊಂದು ವ್ಯತ್ಯಾಸ. ಪ್ಲೇಸ್ಟೇಷನ್ 5ರ 16 ಜಿಬಿಯನ್ನು ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ಪಿಸಿಯಲ್ಲಿ ಟೆಕ್ಸ್ಚರ್ ಡಿಸ್ಕಿನಿಂದ ರ‍್ಯಾಮ್‌ಗೆ ಬಂದು, ಅಲ್ಲಿ ಬಿಚ್ಚಿಕೊಂಡು, ಆಮೇಲೆ ವಿ-ರ‍್ಯಾಮ್‌ಗೆ ಹೋಗುತ್ತದೆ. ದಾರಿಯ ಮಧ್ಯೆ ಅದಕ್ಕೆ ರ‍್ಯಾಮ್‌ನಲ್ಲೂ ಜಾಗ ಬೇಕು. ಇದರ ಮೇಲೆ ಪಾತ್ರಗಳ ಚಲನೆ, ಧ್ವನಿ, ಯಾರು ಎಲ್ಲಿ ನಡೆಯಬಹುದು ಎಂಬ ದಾರಿಯ ನಕ್ಷೆ, ಗೋಡೆಗೆ ಡಿಕ್ಕಿ ಹೊಡೆಯುವ ಲೆಕ್ಕದ ಆಕಾರಗಳು, ಬಣ್ಣ-ಬೆಳಕಿನ ಲೆಕ್ಕ ಹಾಕುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳು ಎಲ್ಲ ರ‍್ಯಾಮ್‌ನಲ್ಲೇ ಇರಬೇಕು.

ಈಗ ನಿಮ್ಮ 8 ಜಿಬಿಯ ಹಂಚಿಕೆ ಹಾಕಿ ನೋಡಿ. ವಿಂಡೋಸ್ 11 ಮತ್ತು ಅದರ ಪರಿವಾರಕ್ಕೆ ಸುಮಾರು 3 ಜಿಬಿ. ಹತ್ತು ಟ್ಯಾಬ್ ತೆರೆದ ಬ್ರೌಸರ್‌ಗೆ 1 ಜಿಬಿ ಸುಲಭವಾಗಿ ಹೋಗುತ್ತದೆ. ಗೇಮಿನ ಲಾಂಚರ್, ಡಿಸ್ಕಾರ್ಡ್‌ಗಳಿಗೆ ಅರ್ಧ ಜಿಬಿ. ಒಳಗಿನ ಗ್ರಾಫಿಕ್ಸ್‌ಗೆ ಎತ್ತಿಟ್ಟದ್ದು ಅರ್ಧ ಜಿಬಿ ಎಂದು ಹಿಡಿಯೋಣ. ಗೇಮಿಗೆ ಉಳಿದದ್ದು 3 ಜಿಬಿ. ವಿ-ರ‍್ಯಾಮ್‌ನಿಂದ ಉಕ್ಕಿ ಬಂದ ಟೆಕ್ಸ್ಚರ್‌ಗಳು ಅದರಲ್ಲೂ ಪಾಲು ಕೇಳುತ್ತಿವೆ.

ಜಾಗ ಕಾಣುತ್ತಿದ್ದರೂ ಗೇಮ್ ಮುಚ್ಚಿಕೊಳ್ಳುವುದೇಕೆ

ಕಮಿಟ್ ಎನ್ನುವುದು ವಿಂಡೋಸ್ ಕೊಟ್ಟ ಮಾತು. ಗೇಮ್ 9 ಜಿಬಿ ಬೇಕು ಎಂದು ಕೇಳಿದಾಗ ವಿಂಡೋಸ್ ಒಪ್ಪಿಕೊಂಡರೆ, ಗೇಮ್ ಯಾವಾಗ ಮುಟ್ಟಿದರೂ ಆ 9 ಜಿಬಿ ಇರಲೇಬೇಕು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ರಿಸರ್ವೇಶನ್ ಆದ ಸೀಟು ಖಾಲಿ ಕಂಡರೂ ಕಂಡಕ್ಟರ್ ಇನ್ನೊಬ್ಬರಿಗೆ ಕೊಡುವಂತಿಲ್ಲ, ಹಾಗೆ. ಕೊಡಬಹುದಾದ ಒಟ್ಟು ಮಾತಿನ ಮಿತಿ ಎಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಸೇರಿದಷ್ಟು. ನಿಮ್ಮಲ್ಲಿ ಬಳಕೆಗೆ 7.4 ಜಿಬಿ ರ‍್ಯಾಮ್ ಇದ್ದು, ಪೇಜ್ ಫೈಲ್ 8 ಜಿಬಿಗೆ ಬೆಳೆದಿದ್ದರೆ ಮಿತಿ 15.4 ಜಿಬಿ. ವಿ-ರ‍್ಯಾಮ್‌ನಲ್ಲಿರುವುದನ್ನು ಹೊರಹಾಕಬೇಕಾಗಿ ಬಂದರೆ ಇರಲಿ ಎಂದು ಅದಕ್ಕೂ ವಿಂಡೋಸ್ ಇದರಲ್ಲಿ ಜಾಗ ಕಾದಿರಿಸುತ್ತದೆ. ಮಿತಿ ಮುಟ್ಟಿದ ಮೇಲೆ ಗೇಮ್ ಮತ್ತೆ ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಬಹುತೇಕ ಗೇಮ್‌ಗಳಿಗೆ ಆ ಉತ್ತರವನ್ನು ನಿಭಾಯಿಸಲು ಬರುವುದಿಲ್ಲ, ಮುಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ರ‍್ಯಾಮ್ ಶೇ. 85 ಮಾತ್ರ ತುಂಬಿದ್ದರೂ ಹೀಗಾಗಬಹುದು.

ಪೇಜ್ ಫೈಲ್ ಆಫ್ ಮಾಡಿದರೆ ಮಿತಿ 15.4ರಿಂದ 7.4ಕ್ಕೆ ಬಂದು ಬೀಳುತ್ತದೆ. ಆಮೇಲೆ ಗೇಮ್ ಶುರುವಾಗುವುದೇ ಕಷ್ಟ. ಎಸ್‌ಎಸ್‌ಡಿ ಸವೆಯುತ್ತದೆ ಎಂಬ ಭಯಕ್ಕೆ ಇದನ್ನು ಆಫ್ ಮಾಡುವವರಿದ್ದಾರೆ. ಈಗಿನ ಎಸ್‌ಎಸ್‌ಡಿಗಳ ಬರೆಯುವ ಸಾಮರ್ಥ್ಯಕ್ಕೆ ಅದು ಲೆಕ್ಕಕ್ಕೇ ಇಲ್ಲದಷ್ಟು.

ನಿಮ್ಮದು ಸರಿಯಾಗಿದೆಯೇ ಎಂದು ಹೀಗೆ ನೋಡಿ. ಸ್ಟಾರ್ಟ್ ಮೆನುವಿನಲ್ಲಿ 'ವ್ಯೂ ಅಡ್ವಾನ್ಸ್‌ಡ್ ಸಿಸ್ಟಂ ಸೆಟ್ಟಿಂಗ್ಸ್' ಹುಡುಕಿ ತೆರೆಯಿರಿ. ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ಅಡ್ವಾನ್ಸ್‌ಡ್ ಟ್ಯಾಬ್‌ಗೆ ಹೋಗಿ, ವರ್ಚುವಲ್ ಮೆಮೊರಿಯ ಪಕ್ಕದ ಚೇಂಜ್ ಒತ್ತಿ. ಮೇಲ್ಗಡೆ 'ಆಟೊಮ್ಯಾಟಿಕಲಿ ಮ್ಯಾನೇಜ್' ಎಂಬುದಕ್ಕೆ ಟಿಕ್ ಇರಲಿ. ಇದರ ಜೊತೆಗೆ ಸಿ ಡ್ರೈವ್‌ನಲ್ಲಿ ಜಾಗ ಇರಬೇಕು. 512 ಜಿಬಿ ಎಸ್‌ಎಸ್‌ಡಿಯಲ್ಲಿ ಮೂರು ನಾಲ್ಕು ದೊಡ್ಡ ಗೇಮ್ ಇನ್‌ಸ್ಟಾಲ್ ಮಾಡಿ 5 ಜಿಬಿ ಖಾಲಿ ಉಳಿದಿದ್ದರೆ ಪೇಜ್ ಫೈಲ್ ಬೆಳೆಯಲು ಎಡೆಯೇ ಇಲ್ಲ. ಮೆಮೊರಿ ಸಾಲದು ಎಂದು ಮುಚ್ಚಿಕೊಳ್ಳುವ ಗೇಮ್‌ಗಳಲ್ಲಿ ಎಷ್ಟೋ ಸಲ ಕಾರಣ ಇಷ್ಟೇ. 30 ಜಿಬಿಯಾದರೂ ಖಾಲಿ ಇಡಿ. ಎರಡನೇ ಡ್ರೈವ್ ಹಾರ್ಡ್ ಡಿಸ್ಕ್ ಆಗಿದ್ದರೆ ಪೇಜ್ ಫೈಲನ್ನು ಅಲ್ಲಿಗೆ ಸಾಗಿಸಬೇಡಿ. ಒಂದು ತುಣುಕು ಹುಡುಕಲು ಹಾರ್ಡ್ ಡಿಸ್ಕ್‌ಗೆ ಹತ್ತು ಮಿಲಿಸೆಕೆಂಡ್‌ನಷ್ಟು ಬೇಕು, ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ ಸಾಕು.

ಅಳೆದು ನೋಡುವ ಬಗೆ

ಮೊದಲು ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಗೇಮನ್ನು ಬಾರ್ಡರ್‌ಲೆಸ್ ವಿಂಡೋದಲ್ಲಿ ಇಟ್ಟು, ಒಂದೇ ದಾರಿಯಲ್ಲಿ ಇಪ್ಪತ್ತು ನಿಮಿಷ ಕಾರು ಓಡಿಸಿ, ಆಮೇಲೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಬಂದು ನೋಡಿ.

ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಜಿಟಿಎಕ್ಸ್ 1650 ಇರುವ ಜಿಪಿಯು ಆರಿಸಿಕೊಳ್ಳಿ. ನಿಮ್ಮಲ್ಲಿ ಎರಡು ಜಿಪಿಯು ಕಾಣುತ್ತವೆ, ರೈಜನ್‌ನದ್ದು ಬೇಡ. ಡೆಡಿಕೇಟೆಡ್ (ಅಂದರೆ ವಿ-ರ‍್ಯಾಮ್) ಅಂಕಿ 3.7 ಅಥವಾ 3.8ಕ್ಕೆ ಹತ್ತಿ ನಿಂತಿದ್ದು, ಶೇರ್ಡ್ ಅಂಕಿ 1 ಜಿಬಿ ದಾಟಿ ಏರುತ್ತಲೇ ಇದ್ದರೆ ವಿ-ರ‍್ಯಾಮ್ ಉಕ್ಕಿದೆ ಎಂದೇ ಅರ್ಥ. ಶೇರ್ಡ್ 0.2 ಜಿಬಿಯ ಆಸುಪಾಸಿನಲ್ಲಿದ್ದರೆ ಅದು ಮಾಮೂಲಿ.

ನಂತರ ಮೆಮೊರಿ ಪುಟ. ಅಲ್ಲಿ 'ಕಮಿಟೆಡ್' ಎಂಬಲ್ಲಿ ಓರೆಗೆರೆಯ ಆಚೀಚೆ ಎರಡು ಅಂಕಿ ಇರುತ್ತವೆ, 13.9/15.4 ಎಂಬಂತೆ. ಮೊದಲನೆಯದು ಎರಡನೆಯದರ ಶೇ. 90 ದಾಟಿದ್ದರೆ ಗೇಮ್ ಯಾವ ಗಳಿಗೆಯಲ್ಲೂ ಮುಚ್ಚಿಕೊಳ್ಳಬಹುದು. 'ಇನ್ ಯೂಸ್' ಅಂಕಿಯ ಪಕ್ಕದಲ್ಲೇ ಕಂಪ್ರೆಸ್ಡ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು 1 ಜಿಬಿ ಮೀರಿದ್ದರೆ ವಿಂಡೋಸ್ ಜಾಗ ಸಾಲದೆ ಮೆಮೊರಿಯನ್ನು ಹಿಂಡಿ ಇಡುತ್ತಿದೆ. ಬಿಚ್ಚುವ, ಹಿಂಡುವ ಈ ಕೆಲಸಕ್ಕೆ ಪ್ರೊಸೆಸರ್‌ನ ಸಮಯವೂ ಹೋಗುತ್ತದೆ.

ರ‍್ಯಾಮ್ ನಿಜವಾಗಿ ಸಾಲದು ಎಂಬುದಕ್ಕೆ ಗಟ್ಟಿ ಸಾಕ್ಷಿ ಬೇಕಾದರೆ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಟ್ಯಾಬ್‌ನಲ್ಲಿ 'ಹಾರ್ಡ್ ಫಾಲ್ಟ್ಸ್' ಗ್ರಾಫ್ ನೋಡಿ. ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕಿಗೆ ಹೋದ ಪ್ರತಿ ಸಲದ ಲೆಕ್ಕ ಅದು. ಹೊಸ ಜಾಗ ಲೋಡ್ ಆಗುವಾಗ ಒಮ್ಮೆ ಎದ್ದು ಬಿದ್ದರೆ ಸಹಜ. ಒಂದೇ ಬೀದಿಯಲ್ಲಿ ನಿಂತಿದ್ದರೂ ನಿಮಿಷಗಟ್ಟಲೆ ಸೆಕೆಂಡಿಗೆ ನೂರಾರು ಬರುತ್ತಿದ್ದರೆ ರ‍್ಯಾಮ್ ಕೊರತೆ ಖಚಿತ.

ಸೋರಿಕೆಯ ವಿಷಯವನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಿ. ಗೇಮ್ ತನಗೆ ಬೇಡವಾದ ಮೆಮೊರಿಯನ್ನು ಹಿಂದಿರುಗಿಸಲು ಮರೆಯುವ ದೋಷವನ್ನು ಲೀಕ್ ಎನ್ನುತ್ತಾರೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಕಾಲಂ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ 'ಕಮಿಟ್ ಸೈಜ್' ಸೇರಿಸಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಗೇಮಿನ ಎದುರಿನ ಅಂಕಿ ಬರೆದುಕೊಳ್ಳಿ. ಏರಿ ಒಂದು ಮಟ್ಟದಲ್ಲಿ ನಿಂತರೆ ಲೀಕ್ ಅಲ್ಲ. ಹೋದ ಜಾಗಕ್ಕೇ ಮತ್ತೆ ಹೋದಾಗಲೂ ಏರುತ್ತಲೇ ಇದ್ದು, ಮುಖ್ಯ ಮೆನುವಿಗೆ ವಾಪಸಾದರೂ ಇಳಿಯದಿದ್ದರೆ ಲೀಕ್ ಎಂದು ಅನುಮಾನಿಸಬಹುದು. ಮಾಡ್ (ಗೇಮನ್ನು ಬದಲಿಸಲು ಬೇರೆಯವರು ಮಾಡಿದ ಸೇರ್ಪಡೆ) ಹಾಕಿದ್ದರೆ ಮೊದಲು ಅವನ್ನು ತೆಗೆದು ನೋಡಿ, ಆಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ಲೀಕ್ ಇರುವ ಗೇಮಿಗೆ ಎಷ್ಟು ರ‍್ಯಾಮ್ ಹಾಕಿದರೂ ತುಂಬುವುದು ತಡವಾಗುತ್ತದೆ ಅಷ್ಟೇ.

ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಆಡುವವರು ಇದರಲ್ಲಿ ಮೋಸ ಹೋಗುವುದು ಹೆಚ್ಚು. ಜಾವಾ ಬೇಡವಾದದ್ದನ್ನು ಆಗಿಂದಾಗ ಅಳಿಸದೆ ಗುಡ್ಡೆ ಹಾಕಿ ಒಮ್ಮೆಲೇ ಗುಡಿಸುತ್ತದೆ, ಗ್ರಾಫ್ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತದೆ. ಅದು ಲೀಕ್ ಅಲ್ಲ. ಅಲ್ಲಿ ಮೆಮೊರಿ ತಿನ್ನುವುದು ಎಷ್ಟು ದೂರ ಕಾಣಬೇಕು ಎಂಬ ಸೆಟ್ಟಿಂಗ್: 12 ಇಟ್ಟರೆ ಸುತ್ತಲೂ 625 ಚಂಕ್ (ಆಟದ ಜಗತ್ತಿನ ತುಂಡು), 24 ಇಟ್ಟರೆ 2,401. ದೂರ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು.

ಏನನ್ನು ಬದಲಿಸಬೇಕು

ಮೊದಲು ಟೆಕ್ಸ್ಚರ್ ಕ್ವಾಲಿಟಿ. ಸೈಬರ್‌ಪಂಕ್‌ನಲ್ಲಿ ಇದನ್ನು ಆಟದ ನಡುವೆ ಬದಲಿಸಲು ಬರುವುದಿಲ್ಲ, ಮುಖ್ಯ ಮೆನುವಿನಿಂದ ಸೆಟ್ಟಿಂಗ್ಸ್‌ಗೆ ಹೋಗಬೇಕು. ಆಟದೊಳಗೆ ಹುಡುಕಿ ಸಿಗದೆ ಬಿಟ್ಟವರು ಬಹಳ. ಹೈ ಇದ್ದರೆ ಮೀಡಿಯಂ ಮಾಡಿ, ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. 15 ಇಂಚಿನ ಪರದೆಯಲ್ಲಿ ನಡೆದಾಡುವಾಗ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ನಂತರ ಮೇಲೆ ಹೇಳಿದ ಇಪ್ಪತ್ತು ನಿಮಿಷದ ಪರೀಕ್ಷೆಯನ್ನು ಅದೇ ದಾರಿಯಲ್ಲಿ ಮತ್ತೆ ಮಾಡಿ. ಡೆಡಿಕೇಟೆಡ್ ಅಂಕಿ 3.5ಕ್ಕಿಂತ ಕೆಳಗೆ ಬಂದಿದ್ದರೆ ಸಾಕು, ಇನ್ನೂ ಇಳಿಸುವುದು ಬೇಡ.

ನೆರಳಿನ ಗುಣಮಟ್ಟ ಎರಡನೆಯದು. 4096 × 4096 ಅಳತೆಯ ಒಂದು ನೆರಳಿನ ನಕ್ಷೆಗೆ 64 ಎಂಬಿ ಬೇಕು, ಹತ್ತಿರಕ್ಕೊಂದು ದೂರಕ್ಕೊಂದು ಎಂದು ನಾಲ್ಕು ಇಟ್ಟರೆ 256 ಎಂಬಿ. ಸೆಟ್ಟಿಂಗ್ಸ್‌ನಲ್ಲಿರುವ ಕ್ರೌಡ್ ಡೆನ್ಸಿಟಿ (ಬೀದಿಯ ಜನಸಂದಣಿ) ಕಡಿಮೆ ಮಾಡಿದರೆ ರ‍್ಯಾಮ್ ಮತ್ತು ಪ್ರೊಸೆಸರ್ ಎರಡಕ್ಕೂ ಹಗುರ. ಎಫ್‌ಪಿಎಸ್‌ಗೆ ಮಿತಿ ಹಾಕುವುದು, ಮೋಷನ್ ಬ್ಲರ್ ತೆಗೆಯುವುದು ಇವುಗಳಿಂದ ಮೆಮೊರಿ ಉಳಿಯುವುದಿಲ್ಲ.

ಗೇಮಿನ ಆಚೆ ಮಾಡಬೇಕಾದ್ದು ಕಡಿಮೆ. ಬ್ರೌಸರ್ ಪೂರ್ತಿ ಮುಚ್ಚಿ, ಅದರ ಟ್ಯಾಬ್‌ಗಳು ರ‍್ಯಾಮ್ ಜೊತೆ ವಿ-ರ‍್ಯಾಮನ್ನೂ ಹಿಡಿದಿರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ನೀವು ಬಳಸದ ಲಾಂಚರ್‌ಗಳನ್ನು ಡಿಸೇಬಲ್ ಮಾಡಿ. ವಿಂಡೋಸ್ ಸರ್ವಿಸ್‌ಗಳನ್ನು ಒಂದೊಂದಾಗಿ ಆಫ್ ಮಾಡುವ ಪಟ್ಟಿಗಳ ಗೋಜಿಗೆ ಹೋಗಬೇಡಿ. ಉಳಿಯುವುದು ಕೆಲವೇ ಎಂಬಿ, ಅಪ್‌ಡೇಟ್ ಕೆಟ್ಟರೆ ಸರಿಮಾಡಲು ಅರ್ಧ ದಿನ.

ರ‍್ಯಾಮ್ ಕ್ಲೀನರ್ ಯಾಕೆ ಬೇಡ ಎಂದರೆ, ಅವು ಏನನ್ನೂ ಸ್ವಚ್ಛ ಮಾಡುವುದಿಲ್ಲ. ಓಡುತ್ತಿರುವ ಪ್ರೋಗ್ರಾಂಗಳು ಬಳಸುತ್ತಿರುವ ಮೆಮೊರಿಯ ತುಣುಕುಗಳನ್ನು, ಅಂದರೆ ಪುಟಗಳನ್ನು ಬಿಟ್ಟುಕೊಡಿ ಎಂದು ವಿಂಡೋಸ್‌ಗೆ ಹೇಳುತ್ತವೆ. ಅಂಕಿ ಒಮ್ಮೆಲೇ ಶೇ. 92ರಿಂದ 50ಕ್ಕೆ ಇಳಿದಂತೆ ಕಾಣುತ್ತದೆ. ಮರುಕ್ಷಣ ಗೇಮಿಗೆ ಅದೇ ಪುಟಗಳು ಬೇಕಾಗುತ್ತವೆ, ಒಂದೊಂದಾಗಿ ಹುಡುಕಿ ತರಬೇಕಾಗುತ್ತದೆ. ಪೇಜ್ ಫೈಲ್‌ಗೆ ಹೋದದ್ದನ್ನು ಡಿಸ್ಕಿನಿಂದಲೇ ತರಬೇಕು.

ಗೇಮ್ ಮುಚ್ಚಿದ ಮೇಲೂ ಶೇ. 60 ತೋರಿಸುವುದಕ್ಕೆ ಉತ್ತರ ಮೇಲಿನ ಹಂಚಿಕೆಯಲ್ಲೇ ಇದೆ. 7.4 ಜಿಬಿಯ ಶೇ. 60 ಎಂದರೆ 4.4 ಜಿಬಿ. ವಿಂಡೋಸ್, ಬ್ರೌಸರ್, ಲಾಂಚರ್ ಸೇರಿದರೆ ಅಷ್ಟಾಗುತ್ತದೆ, ಗೇಮ್ ಆಡದ ದಿನವೂ ಅಷ್ಟೇ ಇರುತ್ತದೆ. ಗೇಮ್ ಬಿಟ್ಟುಹೋದ ಕ್ಯಾಶ್ ಅದರಲ್ಲಿ ಸೇರಿರುವುದಿಲ್ಲ. ಅದು 'ಕ್ಯಾಶ್ಡ್' ಎಂಬ ಬೇರೆ ಅಂಕಿಯಲ್ಲಿರುತ್ತದೆ, ಕೇಳಿದವರಿಗೆ ವಿಂಡೋಸ್ ಕೂಡಲೇ ಬಿಟ್ಟುಕೊಡುತ್ತದೆ. ಡೀಟೇಲ್ಸ್ ಪಟ್ಟಿಯಲ್ಲಿ ಗೇಮಿನ ಹೆಸರು ಇನ್ನೂ ಇದ್ದರೆ ಮಾತ್ರ 'ಎಂಡ್ ಟಾಸ್ಕ್' ಮಾಡಿ.

ರ‍್ಯಾಮ್ ಹಾಕಿಸುವುದಾದರೆ

ಗೇಮಿನ ಕನಿಷ್ಠವೇ 12 ಜಿಬಿ ಇರುವಾಗ 16 ಜಿಬಿ ಮಾಡಿಸುವುದು ನಿಮಗೆ ಸಾರ್ಥಕ ಖರ್ಚು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ, ತಪ್ಪು ಮಾದರಿ ತಂದು ಕೈಸುಟ್ಟುಕೊಳ್ಳದಂತೆ ಮೊದಲೇ ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ ಸ್ಪೀಡ್, 'ಸ್ಲಾಟ್ಸ್ ಯೂಸ್ಡ್', 'ಫಾರ್ಮ್ ಫ್ಯಾಕ್ಟರ್' ಎಂಬ ಮೂರು ಸಾಲು ಇವೆ. 1 ಆಫ್ 2 ಎಂದಿದ್ದರೆ ಒಂದು ಸ್ಲಾಟ್ ಖಾಲಿ, ಇನ್ನೊಂದು 8 ಜಿಬಿ ಸೇರಿಸಿದರೆ ಸಾಕು. 2 ಆಫ್ 2 ಎಂದಿದ್ದರೆ 4 ಜಿಬಿಯ ಎರಡು ಇವೆ, ಎರಡನ್ನೂ ತೆಗೆಯಬೇಕು. 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಅಂಥ ಮಾದರಿಯಲ್ಲಿ ಹೆಚ್ಚುವರಿ ಸ್ಲಾಟ್ ಇದೆಯೇ ಎಂದು ತಯಾರಕರ ಮ್ಯಾನುಯಲ್ ನೋಡಿಯೇ ಮುಂದುವರಿಯಿರಿ.

5600ಎಚ್‌ಗೆ ಬೇಕಾದದ್ದು ಲ್ಯಾಪ್‌ಟಾಪ್ ಅಳತೆಯ ಡಿಡಿಆರ್4, 3200, 1.2 ವೋಲ್ಟ್. ಡಿಡಿಆರ್5 ಅದರಲ್ಲಿ ಕೂರುವುದೇ ಇಲ್ಲ, ಪಿನ್ ಮತ್ತು ಕಚ್ಚಿನ ಜಾಗ ಬೇರೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಳ್ಳುವುದಾದರೂ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ. ಹಾಕುವಾಗ ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ರ‍್ಯಾಮ್ ಪಟ್ಟಿಯನ್ನು ಓರೆಯಾಗಿ ಚಿನ್ನದ ಬಣ್ಣ ಕಾಣದಷ್ಟು ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎಂದು ಹಿಡಿಯುತ್ತದೆ. ಮೊದಲ ಸಲ ಆನ್ ಮಾಡಿದಾಗ ಪರದೆ ಬರಲು ಅರ್ಧ ನಿಮಿಷ ಹಿಡಿಯಬಹುದು, ನಡುವೆ ಆಫ್ ಮಾಡಬೇಡಿ. ಏಳದೇ ಹೋದರೆ ಬಹುಪಾಲು ಪಟ್ಟಿ ಸರಿಯಾಗಿ ಕೂತಿರುವುದಿಲ್ಲ. ವಿಂಡೋಸ್ ಬಂದ ಮೇಲೆ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಒಮ್ಮೆ ಓಡಿಸಿ.

ಎರಡು ಪಟ್ಟಿಗಳಾದರೆ ಜಾಗದ ಜೊತೆ ವೇಗವೂ ಸಿಗುತ್ತದೆ. ಡಿಡಿಆರ್4 3200ರ ಒಂದು ಪಟ್ಟಿ ಸೆಕೆಂಡಿಗೆ 25.6 ಜಿಬಿ ಕೊಟ್ಟರೆ, ಎರಡು ಚಾನಲ್ ಆದಾಗ 51.2 ಜಿಬಿ. ರೈಜನ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ, ತಡವರಿಕೆ ಕಡಿಮೆಯಾಗುವುದರಲ್ಲಿ ಇದರ ಪಾಲೂ ಇರುತ್ತದೆ. 32 ಜಿಬಿಗೆ ಹೋಗಬೇಡಿ, ಈ ಗ್ರಾಫಿಕ್ಸ್‌ಗೆ ಅದರಿಂದ ಲಾಭವಿಲ್ಲ. ಎಷ್ಟು ರ‍್ಯಾಮ್ ಸೇರಿಸಿದರೂ ವಿ-ರ‍್ಯಾಮ್ 4 ಜಿಬಿಯೇ, ಪಿಸಿಐಇ ದಾರಿಯ ಅಗಲವೂ ಅಷ್ಟೇ. 16 ಜಿಬಿ ಆಯಿತೆಂದು ಟೆಕ್ಸ್ಚರ್ ಕ್ವಾಲಿಟಿಯನ್ನು ಮತ್ತೆ ಹೈಗೆ ಏರಿಸಿದರೆ ಗೇಮ್ ಮುಚ್ಚಿಕೊಳ್ಳುವುದು ನಿಲ್ಲುತ್ತದೆ, ತಿರುವುಗಳಲ್ಲಿನ ಜೋಲಿ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಮೀಡಿಯಂನಲ್ಲೇ ಬಿಡಿ.